ಸಂತೆಯ ಹಳೇ ಬಟ್ಟೆ ಗುಡ್ಡೆಯಲ್ಲಿ ಬೆಲೆಬಾಳುವ ಕೋಟು, ಜೀನ್ಸ್: ಗುರುತು ಹಿಡಿಯೋದು ಹೇಗೆ?

ಹೋದ ತಿಂಗಳು ನಮ್ಮ ಸಂತೆಗೆ ಬೆಂಗಳೂರಿನ ಹುಡುಗನೊಬ್ಬ ಬಂದಿದ್ದ. ಹಳೇ ಬಟ್ಟೆ ಗುಡ್ಡೆ ಹಾಕಿ ಮಾರೋ ಜಾಗದಲ್ಲಿ ಅರ್ಧ ಗಂಟೆ ಕೂತು ಕೆದಕಿದ. ಕೊನೆಗೆ ಬಣ್ಣ ಮಾಸಿದ ಒಂದು ಜೀನ್ಸ್ ಜಾಕೆಟ್ ಎತ್ತಿಕೊಂಡು, ಚೌಕಾಸಿನೂ ಮಾಡದೆ 150 ರೂಪಾಯಿ ಕೊಟ್ಟು ಹೋದ. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ಜಾಕೆಟ್ ಇನ್‌ಸ್ಟಾಗ್ರಾಮ್‌ನಲ್ಲಿ 4,500 ರೂಪಾಯಿಗೆ ಮಾರಾಟಕ್ಕಿತ್ತು. ತೋಳಿನ ಮೇಲಿದ್ದ ಬಿಳಿ ಪೇಂಟ್ ಕಲೆಯಿಂದ ನನಗೆ ಗುರುತು ಸಿಕ್ಕಿತು. ಅಂಗಡಿಯಮ್ಮನಿಗೆ ಫೋನ್ ತೋರಿಸಿದೆ. "ಅಯ್ಯೋ, ಅಂಥದ್ದೇನಿತ್ತಪ್ಪಾ ಅದರಲ್ಲಿ?" ಅಂದರು.

ಏನಿತ್ತು ಅನ್ನೋದನ್ನ ಮಾರೋರೂ ತಿಳ್ಕೋಬೇಕು, ಕೊಳ್ಳೋರೂ ತಿಳ್ಕೋಬೇಕು. ಯಾಕಂದ್ರೆ ಉಲ್ಟಾ ಮೋಸನೂ ನಡೀತಿದೆ. ಮೊನ್ನೆ ಮೊನ್ನೆ ಹೊಲಿದ ಟೀ ಶರ್ಟನ್ನ ಕಲ್ಲಿಗೆ ಉಜ್ಜಿ "ವಿಂಟೇಜ್" ಅಂತ ಕಾಲೇಜು ಹುಡುಗರಿಗೆ ಮಾರೋರಿದ್ದಾರೆ.

ಮೊದಲು ಈ ಬಟ್ಟೆ ಎಲ್ಲಿಂದ ಬರುತ್ತೆ ನೋಡೋಣ. ಒಂದು ದಾರಿ ಹೊರದೇಶದ್ದು. ಬಳಸಿದ ಬಟ್ಟೆಯ ಆಮದಿಗೆ ನಮ್ಮ ದೇಶದಲ್ಲಿ ನಿರ್ಬಂಧ ಇದೆ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದ ಘಟಕಗಳು ಹಳೇ ಬಟ್ಟೆ ತರಿಸಿ, ವಿಂಗಡಿಸಿ, ಮತ್ತೆ ಹೊರಗೆ ಕಳಿಸುತ್ತವೆ. ಕತ್ತರಿಸಿದ ಉಣ್ಣೆ ಬಟ್ಟೆ ಹರಿಯಾಣದ ಪಾಣಿಪತ್‌ಗೆ ಹೋಗಿ, ನೂಲಾಗಿ, ಅಗ್ಗದ ಕಂಬಳಿ ಆಗುತ್ತೆ. ಆದರೂ ಒಂದಷ್ಟು ಮಾಲು ಸೋರಿಕೊಂಡು ಊರೂರಿನ ಸಂತೆಗೆ ಬರುತ್ತೆ. ಅಂಗಡಿಯವರು ಸಗಟು ವ್ಯಾಪಾರಿ ಹತ್ತಿರ ಬಿಲ್ ಕೇಳಿ ಇಟ್ಟುಕೊಳ್ಳೋದು ಒಳ್ಳೇದು.

ಇನ್ನೊಂದು ದಾರಿ ನಮ್ಮದೇ ಮನೆ ಬಾಗಿಲು. ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತಗೊಂಡು ಹೋಗ್ತಾರಲ್ಲ, ಅದು.

ಜೀನ್ಸ್ ವಿಷಯ ಬೇಗ ಹೇಳಿಬಿಡ್ತೀನಿ. ಲೀವೈಸ್ ಆದರೆ ಜೇಬಿನ ಪಕ್ಕ ಇರೋ ಚಿಕ್ಕ ಕೆಂಪು ಪಟ್ಟಿ ನೋಡಿ. 1971ರವರೆಗೆ ಹೆಸರಿನ ಎಲ್ಲಾ ಇಂಗ್ಲಿಷ್ ಅಕ್ಷರಗಳೂ ದೊಡ್ಡವೇ ಇರುತ್ತಿದ್ದವು. ಆಮೇಲೆ "ಇ" ಅಕ್ಷರ ಮಾತ್ರ ಚಿಕ್ಕದಾಯಿತು. ದೊಡ್ಡ "ಇ" ಕಂಡ ಕೂಡಲೇ ಕುಣಿಯಬೇಡಿ, ಕಂಪನಿಯೇ ಹಳೇ ಮಾದರಿಯನ್ನ ಹೊಸದಾಗಿ ಮಾಡಿ ಮಾರುತ್ತೆ. ಪಟ್ಟಿ ಮೇಲೆ ಹೆಸರೇ ಇಲ್ಲದೆ ವೃತ್ತದೊಳಗೆ "ಆರ್" ಮಾತ್ರ ಇದ್ದರೆ ನಕಲಿ ಅಂತ ಬಿಸಾಕಲೂಬೇಡಿ, ಅಸಲಿಯಲ್ಲೂ ಹಾಗೆ ಬರುತ್ತೆ. ಆಮೇಲೆ ಪ್ಯಾಂಟಿನ ಕಾಲನ್ನ ಒಳಮಗ್ಗುಲು ಮಾಡಿ. ಉದ್ದದ ಹೊಲಿಗೆಯಲ್ಲಿ ಬಟ್ಟೆಯ ಸ್ವಂತ ಅಂಚು, ಅದರಲ್ಲಿ ಕೆಂಪು ಗೆರೆ ಕಂಡರೆ ಪಕ್ಕಕ್ಕೆ ತೆಗೆದಿಡಿ. ಓವರ್‌ಲಾಕ್ ಹೊಲಿಗೆ ಇದ್ದರೆ ಸಾಮಾನ್ಯ ಮಾಲು.

ಹೊರದೇಶದ ಶರ್ಟು, ಕೋಟಿನಲ್ಲಿ ಲೇಬಲ್ಲೇ ಜಾತಕ. "ಮೇಡ್ ಇನ್ ವೆಸ್ಟ್ ಜರ್ಮನಿ" ಅಂತಿದ್ದರೆ ಅದು 1990ಕ್ಕಿಂತ ಮುಂಚಿನದು, ಆ ವರ್ಷ ಅಕ್ಟೋಬರ್‌ನಲ್ಲಿ ಎರಡು ಜರ್ಮನಿಗಳು ಒಂದಾದವು. ಅಮೆರಿಕದಲ್ಲಿ ಒಗೆಯೋ ವಿಧಾನದ ಲೇಬಲ್ ಕಡ್ಡಾಯ ಆಗಿದ್ದು 1972ರಲ್ಲಿ. ಹಾಗಾಗಿ ಅದಿದ್ದರೆ ಹೆಚ್ಚಾಗಿ ಆಮೇಲಿನ ಬಟ್ಟೆ. ಇಲ್ಲ ಅಂದ್ರೆ? ಹಳೆಯದಿರಬಹುದು, ಕುತ್ತಿಗೆ ಚುಚ್ಚುತ್ತೆ ಅಂತ ಯಾರೋ ಕತ್ತರಿಸಿರಲೂಬಹುದು. ಉಣ್ಣೆ ಉಂಡೆಯಂಥ ವೂಲ್‌ಮಾರ್ಕ್ ಚಿಹ್ನೆ ಬಂದಿದ್ದು 1964ರಲ್ಲಿ. ಒರಟು ಟ್ವೀಡ್ ಕೋಟಿನೊಳಗೆ ಗೋಳ, ಅದರ ಮೇಲೊಂದು ಶಿಲುಬೆ ಇರೋ ಲೇಬಲ್ ಕಂಡರೆ ಅದು ಹ್ಯಾರಿಸ್ ಟ್ವೀಡ್. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ನೇಕಾರರು ತಮ್ಮ ಮನೆಯಲ್ಲೇ ಮಗ್ಗದಲ್ಲಿ ನೇಯ್ದ ಬಟ್ಟೆ. 1993ರಿಂದ ಅದಕ್ಕೇ ಒಂದು ಕಾನೂನಿದೆ. ಅದನ್ನ 100 ರೂಪಾಯಿಗೆ ಕೊಡಬೇಡಿ.

ಝಿಪ್ ಮೇಲೆ "ವೈಕೆಕೆ" ಅಂತ ಕಂಡ ಕೂಡಲೇ ಹಳೇದು ಅನ್ನೋರಿದ್ದಾರೆ. ಅದು ಜಪಾನಿನ ಕಂಪನಿ, ಇವತ್ತಿಗೂ ತಯಾರಿಸುತ್ತೆ. ಅದರಿಂದ ಏನೂ ಸಾಬೀತಾಗಲ್ಲ.

ನನಗೆ ನಿಜವಾಗಿ ಮುಖ್ಯ ಅನಿಸೋದು ಎರಡನೇ ದಾರಿಯ ಮಾಲು, ಅಂದ್ರೆ ನಮ್ಮ ಜಿಲ್ಲೆಯಲ್ಲೇ ಹೊಲಿದ ಕೋಟು, ಸಫಾರಿ, ಬೆಲ್‌ಬಾಟಮ್. ಇನ್‌ಸ್ಟಾಗ್ರಾಮ್ ಹುಡುಗರಿಗೂ ಇದರ ಗುರುತು ಗೊತ್ತಿಲ್ಲ. ಒಳಜೇಬಿನ ಮೇಲೋ ಕಾಲರ್ ಹಿಂದೆಯೋ ಟೈಲರ್ ಅಂಗಡಿಯ ಲೇಬಲ್ ಇರುತ್ತೆ. ವಿಳಾಸ ಓದಿ. "ಮೈಸೂರು ಸ್ಟೇಟ್" ಅಂತಿದ್ದರೆ ಆ ಲೇಬಲ್ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ 1973ರ ನವೆಂಬರ್ 1ಕ್ಕಿಂತ ಮೊದಲಿನದು. ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಆರಂಕಿ ಇದ್ದರೆ ಆಮೇಲಿನದು ಅಂತ ಧೈರ್ಯವಾಗಿ ಹೇಳಬಹುದು. "ಬೆಂಗಳೂರು-2" ಥರ ಬರೀ ಒಂದಂಕಿ ಇದ್ದರೆ ಹಳೇದಿರಬಹುದು. ಆದರೆ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಟೈಲರ್ ಹೇಳಿದ ಮಾತು ನೆನಪಿಡಿ: "ಲೇಬಲ್ ರೋಲ್ ಒಂದ್ಸಲ ಮಾಡಿಸಿದ್ರೆ ಹತ್ತು ವರ್ಷ ಬರೋದು. ಖಾಲಿಯಾಗೋ ತನಕ ಅದನ್ನೇ ಹೊಲೀತಿದ್ವಿ." ಮೊಬೈಲ್ ನಂಬರ್ ಇದ್ದರೆ 1995ರ ಈಚಿನದು, ಅದರಲ್ಲಿ ಅನುಮಾನ ಬೇಡ.

ಬಟ್ಟೆಯ ಅಂಚಿನಲ್ಲಿ ಮಿಲ್ ಹೆಸರು ನೇಯ್ದಿರೋದೂ ಉಂಟು. ಕೆಲವು ಟೈಲರ್‌ಗಳು ಆ ಅಂಚನ್ನ ಒಳಗಡೆ ಹಾಗೇ ಬಿಡುತ್ತಿದ್ದರು. ರೇಮಂಡ್, ಬಿನ್ನಿ, ಕಾನ್ಪುರದ ಲಾಲ್ ಇಮ್ಲಿ, ಅಮೃತಸರದ ಓಸಿಎಂ ಇಂಥ ಹೆಸರು ಸಿಕ್ಕರೆ ಫೋಟೊ ತೆಗೆದಿಟ್ಟುಕೊಳ್ಳಿ. ರೆಡಿಮೇಡ್ ಶರ್ಟಿಗೆ ಬೇರೆ ಲೆಕ್ಕ. ಲೂಯಿ ಫಿಲಿಪ್ ನಮ್ಮ ದೇಶದಲ್ಲಿ ಬಂದಿದ್ದು 1989ರಲ್ಲಿ, ಅಲೆನ್ ಸೋಲಿ 1993, ಪೀಟರ್ ಇಂಗ್ಲೆಂಡ್ 1997. ಅವನ್ನು ಇಲ್ಲಿನದ್ದೇ 1980ರ ಮಾಲು ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗಿ.

ನಮ್ಮಜ್ಜ ಮೇಷ್ಟ್ರು. ಅವರದ್ದೊಂದು ಕಂದು ಉಣ್ಣೆ ಕೋಟಿತ್ತು, ಒಳಗೆ "ಮೈಸೂರು ಸ್ಟೇಟ್" ಲೇಬಲ್. ಅಜ್ಜ ಹೋದ ಮೇಲೆ ಎರಡು ಪ್ಯಾಂಟು, ಒಂದು ಹಳೇ ರೇಷ್ಮೆ ಸೀರೆ ಜೊತೆ ಸೇರಿಸಿ ಅದನ್ನೂ ಪಾತ್ರೆಯವರಿಗೆ ಕೊಟ್ಟರು. ಒಂದು ಸ್ಟೀಲ್ ಬಕೆಟ್ ಬಂತು. ನಾನಾಗ ಹೈಸ್ಕೂಲು, ಕೋಟನ್ನ ಮಡಚಿ ಚೀಲಕ್ಕೆ ತುಂಬಿದವನೂ ನಾನೇ. ಬಕೆಟ್ ಇನ್ನೂ ಬಚ್ಚಲಲ್ಲಿದೆ.

ಕೋಟಿನ ಗುಣಮಟ್ಟ ನೋಡೋಕೆ ಒಂದು ಸುಲಭ ಉಪಾಯ. ಕೆಳಗಿನ ಗುಂಡಿ ಹತ್ತಿರ ಮುಂಭಾಗವನ್ನ ಎರಡೂ ಕಡೆಯಿಂದ ಚಿವುಟಿ ಹಿಡಿದು ಬೆರಳಲ್ಲಿ ಮೆಲ್ಲಗೆ ಉಜ್ಜಿ. ಮೇಲಿನ ಬಟ್ಟೆ, ಒಳಬಟ್ಟೆ ಮಧ್ಯೆ ಮೂರನೇ ಪದರವೊಂದು ಬಿಡಿಯಾಗಿ ಜಾರಿದ ಹಾಗಾದರೆ ಒಳಗೆ ಕ್ಯಾನ್ವಾಸ್ ಹಾಕಿ ಹೊಲಿದಿದ್ದಾರೆ, ಕಸುಬುದಾರರ ಕೆಲಸ. ಮೇಲಿನ ಬಟ್ಟೆ ದಪ್ಪಗೆ, ಅಂಟಿಸಿದ ಹಾಗಿದ್ದರೆ ಫ್ಯೂಸಿಂಗ್. ಇಂಥ ಕೋಟು ಹಳೆಯದಾದಂತೆ ಎದೆ ಹತ್ತಿರ ಗುಳ್ಳೆ ಏಳುತ್ತೆ, ಅದಕ್ಕೆ ರಿಪೇರಿ ಕಷ್ಟ.

ಉಣ್ಣೆಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಒಳಹೊಲಿಗೆಯಲ್ಲಿ ಬಟ್ಟೆಯದೇ ಒಂದು ಎಳೆ ಕಿತ್ತು, ಅಂಗಡಿಯಿಂದ ದೂರ ಹೋಗಿ ಬೆಂಕಿ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟಂಗೆ ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಟೆರಿಕಾಟ್‌ನಲ್ಲಿ ಎರಡೂ ಬೆರೆತಿರುತ್ತೆ.

ಕೊಳ್ಳೋ ಮುಂಚೆ ಬೆಳಕಿಗೆ ಹಿಡಿದು ನುಸಿ ತಿಂದ ತೂತು ನೋಡಿ. ಕಂಕುಳ ಹತ್ತಿರ ಎರಡೂ ಕಡೆ ಎಳೆದು ನೋಡಿ, ಬಟ್ಟೆ ಅಲ್ಲೇ ಮೊದಲು ಲಡ್ಡಾಗೋದು. ಲೇಬಲ್ ಮೇಲಿನ ಸೈಜ್ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ಮನೆಗೆ ತಂದ ಮೇಲೆ ಹತ್ತಿ ಬಟ್ಟೆಯನ್ನ ಬಿಸಿನೀರಲ್ಲಿ ನೆನೆಸಿ ಒಗೆಯಿರಿ, ಬಣ್ಣ ಬಿಡುತ್ತಾ ಅಂತ ಮೂಲೆಯಲ್ಲಿ ಪರೀಕ್ಷೆ ಮಾಡಿ. ಉಣ್ಣೆ ಕೋಟನ್ನ ಮಾತ್ರ ನೀರಿಗೆ ಹಾಕಬೇಡಿ, ಕುಗ್ಗಿ ಆಕಾರ ಕೆಡುತ್ತೆ. ಬಿಸಿಲಿಗೆ ಹಾಕಿ, ಬ್ರಷ್‌ನಿಂದ ಉಜ್ಜಿ, ಆಮೇಲೆ ಡ್ರೈಕ್ಲೀನ್‌ಗೆ ಕೊಡಿ.

ಅಂಗಡಿಯಮ್ಮ ಈಗ ಜೀನ್ಸ್ ಮತ್ತು ಉಣ್ಣೆ ಕೋಟನ್ನ ಗುಡ್ಡೆಗೆ ಸುರಿಯಲ್ಲ, ಹಿಂದೆ ಹಗ್ಗಕ್ಕೆ ನೇತು ಹಾಕ್ತಾರೆ. ಈ ವಾರ ಒಂದು ಕಪ್ಪು ಕೋಟು ತೋರಿಸಿ "ಇದು ಹೆಂಗಪ್ಪಾ?" ಅಂದರು. ಚಿವುಟಿ ನೋಡಿದೆ, ಫ್ಯೂಸಿಂಗ್. 200ಕ್ಕೆ ಕೊಟ್ಟುಬಿಡಿ ಅಂದೆ. ಅವರು 350 ಹೇಳಿದರು, ಹೋಯ್ತು.