ಹೆಸರು ಹಾಕದೆ ಬರೆದ ಮರ್ಸಿ

ಅಮೆರಿಕದ ಸಂವಿಧಾನವನ್ನು ಅಲ್ಲಿಯವರೆಲ್ಲ ಸಂಭ್ರಮದಿಂದ ಒಪ್ಪಿಕೊಂಡರೆಂದು ನಾನೂ ತಿಳಿದಿದ್ದೆ. ಹಾಗಿರಲಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕರಡು ಸಿದ್ಧವಾಯಿತು. 13 ರಾಜ್ಯಗಳಲ್ಲಿ 9 ಒಪ್ಪಬೇಕಿತ್ತು. 1788ರ ಫೆಬ್ರವರಿ 6ರಂದು ಮ್ಯಾಸಚೂಸೆಟ್ಸ್‌ನಲ್ಲಿ ಅದು ಗೆದ್ದದ್ದು 187–168ರಲ್ಲಿ, ಬರೀ 19 ಮತಗಳಿಂದ!

ಅದೇ ವರ್ಷ ಬಾಸ್ಟನ್ನಿನಲ್ಲಿ 'ಎ ಕೊಲಂಬಿಯನ್ ಪೇಟ್ರಿಯಟ್' ಎಂಬ ಗುಪ್ತನಾಮದ ಕಿರುಹೊತ್ತಗೆಯೊಂದು ಹೊರಬಂತು. ಪ್ರಜೆಗಳ ಹಕ್ಕುಪಟ್ಟಿ ಎಲ್ಲಿ? ಪತ್ರಿಕಾ ಸ್ವಾತಂತ್ರ್ಯಕ್ಕೆ ರಕ್ಷಣೆ ಏನು? ಸಿವಿಲ್ ಮೊಕದ್ದಮೆಗಳಿಗೆ ಜ್ಯೂರಿ ಏಕಿಲ್ಲ? ಸೆನೆಟರಿಗೆ 6 ವರ್ಷ ಏಕೆ? ಖಾಯಂ ಸೈನ್ಯ ನಾಳೆ ಜನರ ಮೇಲೇ ತಿರುಗಿದರೆ? ಹೀಗೆ ಒಂದರ ಮೇಲೊಂದು ಆಕ್ಷೇಪ.

ಬರೆದವರು ಪ್ಲಿಮತ್‌ನ ಮರ್ಸಿ ಓಟಿಸ್ ವಾರನ್. ಐವರು ಗಂಡುಮಕ್ಕಳ ತಾಯಿ, ಆಗ ವಯಸ್ಸು 59. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಣ್ಣತಮ್ಮಂದಿರ ಪಾಠದ ಜೊತೆ ಕುಳಿತು ಕಲಿತವರು. ಮತ ಹಾಕುವ ಹಕ್ಕೂ ಇರಲಿಲ್ಲ.

1791ರಲ್ಲಿ ಹಕ್ಕುಗಳ 10 ತಿದ್ದುಪಡಿಗಳು ಸೇರಿದವು. ಪತ್ರಿಕಾ ಸ್ವಾತಂತ್ರ್ಯವೂ ಸಿವಿಲ್ ಜ್ಯೂರಿಯೂ ಅದರಲ್ಲಿವೆ. ಸೆನೆಟರ ಅವಧಿ ಮಾತ್ರ ಇಂದಿಗೂ 6 ವರ್ಷವೇ.

ಗುಪ್ತನಾಮ ಆಗಿನ ರೂಢಿ, ಗಂಡಸರೂ ಹಾಗೆಯೇ ಬರೆಯುತ್ತಿದ್ದರು. ಆದರೆ ಈ ಹೊತ್ತಗೆ ನೂರಕ್ಕೂ ಹೆಚ್ಚು ವರ್ಷ ಎಲ್ಬ್ರಿಜ್ ಗೆರಿ ಎಂಬ ರಾಜಕಾರಣಿಯ ಖಾತೆಯಲ್ಲಿತ್ತು ನೋಡಿ! ಇಂಗ್ಲೆಂಡಿನ ಇತಿಹಾಸಕಾರ್ತಿ ಕ್ಯಾಥರೀನ್ ಮೆಕಾಲೆಗೆ ಮರ್ಸಿ ಬರೆದಿದ್ದ ಪತ್ರವೊಂದು 20ನೇ ಶತಮಾನದಲ್ಲಿ ಕೈಗೆ ಸಿಕ್ಕಿದ ಮೇಲೆಯೇ ಅದು ಆಕೆಯದೆಂದು ತಿಳಿದದ್ದು.