ಕರ್ಚಿಕಾಯಿ: ಮರಿಕಲ್ ಸೀಮೆಯ ಹಬ್ಬದ ತಿನಿಸು, ಅದರ ಹೆಸರು ಮತ್ತು ಹದ

ಕರ್ಚಿಕಾಯಿ ಎಂಬುದು ತೆಳುವಾಗಿ ಲಟ್ಟಿಸಿದ ಕಣಕದೊಳಗೆ ಒಣಕೊಬ್ಬರಿ, ಸಕ್ಕರೆ, ಪುಟಾಣಿ ಹಿಟ್ಟು, ಎಳ್ಳು, ಗಸಗಸೆ ಹಾಗೂ ಒಣಹಣ್ಣುಗಳ ಹೂರಣವನ್ನಿರಿಸಿ, ಅರ್ಧಚಂದ್ರಾಕಾರವಾಗಿ ಮಡಚಿ, ಅಂಚನ್ನು ಭದ್ರಪಡಿಸಿ ಕರಿಯುವ ಸಿಹಿ ತಿನಿಸು. ಅಂಗೈಯಲ್ಲಿ ಹಿಡಿದು ತಿನ್ನುವಷ್ಟೇ ಅದರ ಗಾತ್ರ. ಗಣೇಶ ಚತುರ್ಥಿ, ದೀಪಾವಳಿಗಳಲ್ಲಿಯೂ ಮದುವೆ, ಕುಬಸ, ಉಡಿ ತುಂಬುವಂಥ ಮಂಗಳಕಾರ್ಯಗಳಲ್ಲಿಯೂ ಮರಿಕಲ್, ನಾರಾಯಣಪೇಟ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಮನೆಗಳಿಗೆ ಇದು ಚಿರಪರಿಚಿತ.

ಈ ತಿನಿಸಿನ ಪಾಕವಿಧಾನಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಹಳೆಯ ಮೈಸೂರು ಸೀಮೆಯ ಅಡುಗೆಮನೆಯನ್ನು ಕಣ್ಣಮುಂದಿರಿಸಿಕೊಂಡವು. ಅಲ್ಲಿ ‘ಹುರಿಗಡಲೆ’ ಎಂದು ಬರೆದಿರುವುದನ್ನು ನಮ್ಮ ಮಕ್ಕಳು ಓದಿದರೆ, ಅದು ತಮ್ಮ ಮನೆಯ ಡಬ್ಬಿಯಲ್ಲಿರುವ ಪುಟಾಣಿಯೇ ಎಂದು ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಸೀಮೆಯ ಮಾತಿನಲ್ಲಿಯೇ, ಅಳತೆ ಮತ್ತು ಕಾರಣಗಳ ಸಹಿತ, ಈ ವಿವರವನ್ನು ಇಲ್ಲಿ ದಾಖಲಿಸುತ್ತಿದ್ದೇವೆ.

ಒಂದು ತಿನಿಸು, ಹಲವು ಹೆಸರು

ರಾಯಚೂರು, ಕಲಬುರಗಿ ಭಾಗದಲ್ಲಿ ‘ಕರ್ಚಿಕಾಯಿ’ ಎನ್ನುವುದನ್ನು ದಕ್ಷಿಣ ಕರ್ನಾಟಕದವರು ‘ಕರ್ಜಿಕಾಯಿ’ ಎನ್ನುತ್ತಾರೆ. ಕಡಲೆಬೇಳೆಯನ್ನು ಬೇಯಿಸಿ, ಬೆಲ್ಲ ಸೇರಿಸಿ ರುಬ್ಬಿದ ಹೂರಣ ತುಂಬಿ ಕರಿದರೆ ಅದು ಕರಿಗಡಬು. ಕುದಿಯುವ ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಯಿಸಿದರೆ ಕಡಬು. ಇವು ಮೂರನ್ನೂ ಒಂದೇ ಎಂದು ಬಗೆಯುವುದು ಸರಿಯಲ್ಲ. ಕಡಬು ಅಂದೇ ತಿನ್ನತಕ್ಕದ್ದು, ಕರಿಗಡಬು ಮರುದಿನದವರೆಗೆ ನಿಲ್ಲುತ್ತದೆ, ಕರ್ಚಿಕಾಯಿ ಎರಡು ವಾರ ಕೆಡುವುದಿಲ್ಲ. ಹೂರಣದ ತೇವವೇ ಈ ವ್ಯತ್ಯಾಸಕ್ಕೆ ಕಾರಣ.

ತೆಲುಗಿನಲ್ಲಿ ಇದು ‘ಕಜ್ಜಿಕಾಯ’. ತೆಲಂಗಾಣದ ಆಡುಮಾತಿನಲ್ಲಿ ‘ಗರಿಜೆ’. ಸಂಕ್ರಾಂತಿಯ ಸಕಿನಾಲುಗಳ ಪಕ್ಕದಲ್ಲಿ ಗರಿಜೆಗಳಿಲ್ಲದ ತೆಲಂಗಾಣದ ತಟ್ಟೆ ಅಪೂರ್ಣವೆನ್ನಬೇಕು. ಮರಾಠಿಯಲ್ಲಿ ‘ಕರಂಜಿ’. ನಾರಾಯಣಪೇಟೆಯಲ್ಲಿ ಸೀರೆ ನೇಯುವ ಕುಟುಂಬಗಳೊಂದಿಗೆ ಮರಾಠಿಯೂ ನೆಲೆಯೂರಿರುವುದರಿಂದ ಆ ಹೆಸರು ಇಲ್ಲಿ ಪರಕೀಯವಲ್ಲ. ಕರಂಜವೆಂದರೆ ಹೊಂಗೆ, ಹೊಂಗೆಯ ಕಾಯಿಗೂ ಈ ತಿನಿಸಿಗೂ ಇರುವ ಆಕಾರದ ಹೋಲಿಕೆ ನೋಡಿದೊಡನೆ ತಿಳಿಯುತ್ತದೆ. ಕನ್ನಡ, ತೆಲುಗುಗಳೆರಡರ ಹೆಸರೂ ‘ಕಾಯಿ’ಯಲ್ಲಿಯೇ ಮುಗಿಯುವುದನ್ನು ಗಮನಿಸಬಹುದು. ಗೋವೆಯ ನೆವರಿ, ತಮಿಳರ ಸೋಮಾಸಿ, ಉತ್ತರ ಭಾರತದಲ್ಲಿ ಹೋಳಿಗೆ ಮಾಡುವ ಖೋವಾ ತುಂಬಿದ ಗುಜಿಯಾ, ಇವೆಲ್ಲ ಇದೇ ಬಳಗದವು. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಒಣದ್ರಾಕ್ಷಿ ಮತ್ತು ಮಸಾಲೆಯ ಹೂರಣವಿಟ್ಟು ಬೇಯಿಸುವ ಸಣ್ಣ ಮಿನ್ಸ್ ಪೈಗಳೂ ದೂರದ ನೆಂಟರೇ.

ಹೆಸರಿನ ಈ ಹರವಿಗೆ ಆಡಳಿತದ ಗಡಿಗಳೊಡನೆ ಸಂಬಂಧ ಕಡಿಮೆ. ಹೈದರಾಬಾದ್ ರಾಜ್ಯದಲ್ಲಿ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು; ಈ ಎರಡು ತಾಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. ಕಲಬುರಗಿಯಿಂದ ಕೊಡಂಗಲ್, ತಾಂಡೂರುಗಳೂ ಹಾಗೆಯೇ ಬೇರ್ಪಟ್ಟವು. 2014ರಲ್ಲಿ ತೆಲಂಗಾಣ, 2016ರಲ್ಲಿ ಜೋಗುಳಾಂಬ ಗದ್ವಾಲ್ ಜಿಲ್ಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟ ಜಿಲ್ಲೆ ರೂಪುಗೊಂಡವು. ಇಷ್ಟೆಲ್ಲ ಗೆರೆಗಳು ಬದಲಾದರೂ ಬೀಗತನಗಳು ಬದಲಾಗಲಿಲ್ಲ. ಮಹಬೂಬನಗರದಿಂದ ಮರಿಕಲ್, ಮಕ್ತಲ್, ಕೃಷ್ಣಾ ಮಾರ್ಗವಾಗಿ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ಹಬ್ಬದ ಮುನ್ನಾದಿನಗಳಲ್ಲಿ ತವರಿನ ಡಬ್ಬಿಗಳು ಎರಡೂ ದಿಕ್ಕಿಗೆ ಸಾಗುತ್ತವೆ.

ತೆಲುಗು ಮನೆಗಳ ‘ಒಡಿ ಬಿಯ್ಯಂ’ ಮತ್ತು ನಮ್ಮ ‘ಉಡಿ ತುಂಬುವುದು’ ಹೆಸರಿನಲ್ಲಿಯೂ ಆಚರಣೆಯಲ್ಲಿಯೂ ಒಡಹುಟ್ಟಿದವು. ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬುಗಳನ್ನು ಹಾಕುವ ಆ ಹೊತ್ತಿನಲ್ಲಿ, ಅವೇ ಕೊಬ್ಬರಿ ಉತ್ತತ್ತಿಗಳನ್ನು ಒಳಗಿಟ್ಟುಕೊಂಡ ಕರ್ಚಿಕಾಯಿಯೂ ಜೊತೆಗಿರುವುದು ಸಹಜವೇ ಆಗಿದೆ.

ಒಣ ಹೂರಣವೇ ಏಕೆ

ನಮ್ಮದು ಜೋಳ, ಶೇಂಗಾ, ತೊಗರಿಯ ಒಣಭೂಮಿ. ತೆಂಗಿನ ತೋಟಗಳ ನಾಡಲ್ಲ. ಕರಾವಳಿಯವರು ಹಸಿ ತೆಂಗಿನಕಾಯಿ ತುರಿದು ತುಂಬಿದರೆ, ಇಲ್ಲಿ ತಿಪಟೂರಿನಂಥ ಮಾರುಕಟ್ಟೆಗಳಿಂದ ಬರುವ ಒಣಕೊಬ್ಬರಿಯೇ ಆಧಾರ. ಹಸಿಕಾಯಿ ತುರಿ ಮರುದಿನವೇ ಹುಳಿವಾಸನೆ ಬೀರುತ್ತದೆ. ಒಣಕೊಬ್ಬರಿ ತಿಂಗಳುಗಟ್ಟಲೆ ಇರುತ್ತದೆ. ಕರಿಯುವುದಕ್ಕೆ ಶೇಂಗಾ ಎಣ್ಣೆ.

ಹಣ್ಣಿನ ವಿಷಯದಲ್ಲಿಯೂ ಇದೇ ನಿಯಮ. ಹಿಂದಿನ ಮಹಬೂಬನಗರ ಜಿಲ್ಲೆಯ ಬಾಲಾನಗರ ಸೀತಾಫಲವು ತಳಿಯ ಹೆಸರಾಗಿಯೇ ದೇಶವಿಡೀ ಪ್ರಸಿದ್ಧ. ಅದರ ಸುಗ್ಗಿ ದಸರೆ, ದೀಪಾವಳಿಗಳ ಹೊತ್ತಿಗೇ ಬರುತ್ತದೆ. ಇಷ್ಟು ಸಿಹಿಯಾದ ಹಣ್ಣು ಮನೆಬಾಗಿಲಲ್ಲಿರುವಾಗ ಅದನ್ನೇಕೆ ಕರ್ಚಿಕಾಯಿಯಲ್ಲಿ ತುಂಬುವುದಿಲ್ಲ ಎಂದು ಎಳೆಯರು ಕೇಳುವುದುಂಟು. ಎರಡು ಕಾರಣಗಳಿವೆ. ಸೀತಾಫಲದ ತಿರುಳನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ. ಜೊತೆಗೆ, ನೀರಿನಂಶವಿರುವ ಯಾವುದೇ ಹಣ್ಣು ಬಿಸಿ ಎಣ್ಣೆಯಲ್ಲಿ ಆವಿಯನ್ನು ಹೊರಬಿಟ್ಟು ಕಣಕವನ್ನು ಒಡೆಯುತ್ತದೆ. ಸೀತಾಫಲವನ್ನು ಬಟ್ಟಲಲ್ಲಿ ತಿನ್ನುವುದೇ ಸೊಗಸು.

ಹಾಗಾಗಿ ತುಂಬತಕ್ಕ ಹಣ್ಣುಗಳೆಂದರೆ ಖರ್ಜೂರ, ಉತ್ತತ್ತಿ, ಒಣದ್ರಾಕ್ಷಿ, ಅಂಜೂರ. ತೆಲುಗಿನಲ್ಲಿ ‘ಮಾಮಿಡಿ ತಾಂಡ್ರ’ ಎನ್ನುವ ಮಾವಿನಹಣ್ಣಿನ ಹಪ್ಪಳವನ್ನು ಸಣ್ಣಗೆ ಕತ್ತರಿಸಿ ಸೇರಿಸಿದರೆ ಹೂರಣಕ್ಕೆ ಹಿತವಾದ ಹುಳಿ ಬರುತ್ತದೆ. ಇದು ಹಳೆಯ ಪದ್ಧತಿಯಲ್ಲದಿದ್ದರೂ ನಾವು ಶಿಫಾರಸು ಮಾಡುತ್ತೇವೆ. ಬಾಳೆಹಣ್ಣನ್ನೇ ತುಂಬಬೇಕೆಂದರೆ ತುಪ್ಪ ಬೆಲ್ಲಗಳೊಡನೆ ಕಾಯಿಸಿ, ಪಾತ್ರೆಯ ತಳ ಬಿಡುವಷ್ಟು ಗಟ್ಟಿ ಮಾಡಿ, ಆರಿಸಿ ತುಂಬಬೇಕು ಮತ್ತು ಅಂದೇ ತಿಂದು ಮುಗಿಸಬೇಕು.

ಅಳತೆ ಮತ್ತು ವಿಧಾನ

ಸುಮಾರು 30 ಕರ್ಚಿಕಾಯಿಗಳಿಗೆ ಕಣಕಕ್ಕಾಗಿ 250 ಗ್ರಾಂ ಮೈದಾ, 50 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, 45 ಗ್ರಾಂ ತುಪ್ಪ ಬೇಕು. ತುಪ್ಪವನ್ನು ಬಿಸಿ ಮಾಡಿ ಹಿಟ್ಟಿಗೆ ಸುರಿದು, ಬೆರಳ ತುದಿಯಿಂದ ಉಜ್ಜಿ ಬೆರೆಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ತಟ್ಟಿದರೆ ಉದುರಬೇಕು. ಅದು ಜಿಡ್ಡು ಸರಿಯಾಗಿದೆ ಎಂಬುದರ ಗುರುತು. ಬಳಿಕ ಸುಮಾರು 120 ಮಿಲಿ ಲೀಟರ್ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಬೇಕು. ರವೆ ನೀರು ಕುಡಿದು ನೆನೆಯುವುದಕ್ಕೆ ಈ ಸಮಯ ಬೇಕೇಬೇಕು. ಅವಸರಪಟ್ಟರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ.

ಹೂರಣಕ್ಕೆ 150 ಗ್ರಾಂ ಒಣಕೊಬ್ಬರಿ ತುರಿ, 50 ಗ್ರಾಂ ಪುಟಾಣಿ ಹಿಟ್ಟು, 125 ಗ್ರಾಂ ಸಕ್ಕರೆ ಪುಡಿ, 75 ಗ್ರಾಂ ಬೀಜ ತೆಗೆದು ಕುಟ್ಟಿದ ಉತ್ತತ್ತಿ ಅಥವಾ ಖರ್ಜೂರ, 40 ಗ್ರಾಂ ಒಣದ್ರಾಕ್ಷಿ, ಎಳ್ಳು ಮತ್ತು ಗಸಗಸೆ ತಲಾ ಎರಡು ಚಮಚ, ಆರು ಏಲಕ್ಕಿ. ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ತೆಗೆದರೆ ಹೂರಣ ಬೆಳ್ಳಗಿರುತ್ತದೆ. ಕೊಬ್ಬರಿ, ಎಳ್ಳು, ಗಸಗಸೆಗಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲಷ್ಟೇ ಸಕ್ಕರೆ ಬೆರೆಸಬೇಕು. ದ್ರಾಕ್ಷಿಯನ್ನು ಇಡಿಯಾಗಿ ಹಾಕಬಾರದು. ಬಿಸಿಗೆ ಅದು ಉಬ್ಬಿ ಹೂರಣವನ್ನು ತಳ್ಳುತ್ತದೆ, ಕತ್ತರಿಸಿಯೇ ಹಾಕಬೇಕು. ಸಕ್ಕರೆಯ ಬದಲು ಬೆಲ್ಲ ಬಳಸಿದರೆ ರುಚಿ ಮಿಗಿಲು, ಬಾಳಿಕೆ ಕಡಿಮೆ. ಬೆಲ್ಲವು ಗಾಳಿಯ ತೇವವನ್ನು ಹೀರಿ ನಾಲ್ಕೈದು ದಿನಗಳಲ್ಲಿ ಹೊರಕವಚವನ್ನು ಮೆತ್ತಗಾಗಿಸುತ್ತದೆ. ಖರ್ಜೂರ ಹೆಚ್ಚು ಹಸಿಯಾಗಿದ್ದರೆ ಒಂದೆರಡು ಚಮಚ ಪುಟಾಣಿ ಹಿಟ್ಟನ್ನು ಹೆಚ್ಚಿಸಬಹುದು. ಹೂರಣದ ತೇವ ಕುಡಿಯುವುದೇ ಪುಟಾಣಿಯ ಮುಖ್ಯ ಕೆಲಸ. ನೈವೇದ್ಯಕ್ಕೆ ಮುನ್ನ ರುಚಿ ನೋಡದಿರುವ ಮನೆಗಳಲ್ಲಿ ಅಳತೆಯ ಮೇಲೆಯೇ ಭಾರ ಹಾಕಬೇಕಾಗುವುದರಿಂದ, ‘ಕೈಯಂದಾಜು’ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇವೆ.

ಇನ್ನು ಮಡಚುವ ಕೆಲಸ. ನಿಂಬೆ ಗಾತ್ರಕ್ಕಿಂತ ತುಸು ಚಿಕ್ಕದಾದ, ಸುಮಾರು 15 ಗ್ರಾಂ ತೂಕದ ಉಂಡೆಯನ್ನು 8–9 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ, ನಡುವೆ ಒಂದು ದೊಡ್ಡ ಚಮಚ ಹೂರಣವಿಟ್ಟು, ಅಂಚಿಗೆ ಹಾಲು ಸವರಿ ಮಡಚಬೇಕು. ಅಂಚಿನ ಮೇಲೆ ಹೂರಣದ ಒಂದು ಕಣ ಬಿದ್ದರೂ ಅಲ್ಲಿ ಕಣಕಕ್ಕೆ ಕಣಕ ಅಂಟುವುದಿಲ್ಲ. ಎಣ್ಣೆಯಲ್ಲಿ ಬಾಯಿ ಬಿಡುವ ಕರ್ಚಿಕಾಯಿಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲಿಯೇ. ಒಳಗಿನ ಗಾಳಿಯನ್ನು ಬೆರಳಿನಿಂದ ಹೊರಗೊತ್ತಿ, ಅಂಚನ್ನು ಒತ್ತಿ ಮುಚ್ಚಬೇಕು. ಬಳಿಕ ಹಲ್ಲಿರುವ ಸಣ್ಣ ಚಕ್ರದಿಂದ ಕತ್ತರಿಸಬಹುದು, ಅಚ್ಚಿನಲ್ಲಿಟ್ಟು ಒತ್ತಬಹುದು, ಅಥವಾ ಬೆರಳಿನಿಂದ ಜಡೆಯಂತೆ ಮಡಚುತ್ತ ಹೋಗಬಹುದು. ಅಚ್ಚು ಬೇಗ, ಒಂದೇ ಗಾತ್ರ. ಆದರೆ ಕೈಯಿಂದ ಮಡಚಿದ ಅಂಚು ಎರಡು ಪದರವಾಗುವುದರಿಂದ ಒಡೆಯುವುದು ಅಪರೂಪ. ನಮ್ಮ ಒಲವು ಅದರ ಕಡೆಗೇ. ಮಡಚಿದವುಗಳನ್ನು ಬಟ್ಟೆ ಮುಚ್ಚಿಯೇ ಇಡಬೇಕು, ಇಲ್ಲವಾದರೆ ಮೇಲ್ಮೈ ಒಣಗಿ ಸೀಳುತ್ತದೆ. ಇದು ಒಬ್ಬರು ಕುಳಿತು ಮಾಡುವ ಕೆಲಸವಲ್ಲ. ಲಟ್ಟಿಸುವವರು, ತುಂಬುವವರು, ಕರಿಯುವವರು ಎಂದು ಮೂವರಾದರೂ ಇದ್ದರೆ ಒಂದು ಮಧ್ಯಾಹ್ನಕ್ಕೆ ನೂರು ಮುಗಿಯುತ್ತವೆ.

ಎಣ್ಣೆಗೆ ಹಿಟ್ಟಿನ ಚೂರೊಂದನ್ನು ಹಾಕಿದಾಗ ಅದು ಥಟ್ಟನೆ ಅಲ್ಲ, ನಿಧಾನವಾಗಿ ಮೇಲೆ ಬರಬೇಕು. ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಉರಿ ಹೆಚ್ಚಾದರೆ ಮೇಲೆ ಗುಳ್ಳೆಯೆದ್ದು ಬೇಗ ಕೆಂಪಾಗಿ ಒಳಪದರ ಹಸಿಯಾಗಿಯೇ ಉಳಿಯುತ್ತದೆ, ಮರುದಿನ ಮೆತ್ತಗಾಗುತ್ತದೆ. ಒಂದು ಒಡೆದರೂ ಸಕ್ಕರೆ ಎಣ್ಣೆಗಿಳಿದು ಕರಿಕಾಗಿ ಮಿಕ್ಕವಕ್ಕೆಲ್ಲ ಅಂಟುವುದರಿಂದ, ಆಗಲೇ ಒಲೆಯಾರಿಸಿ ಎಣ್ಣೆ ಸೋಸಿಕೊಳ್ಳುವುದು ಲೇಸು.

ಕರಿಯದೆ ಬೇಯಿಸುವವರಿಗೆ

ಎಣ್ಣೆ ಬಿಡಬೇಕಾದವರಿಗಾಗಿ ಈಗ ಹಲವು ಮನೆಗಳಲ್ಲಿ ಓವನ್ ಬಳಕೆಗೆ ಬಂದಿದೆ. ಅದೇ ಕಣಕವನ್ನು ಓವನ್ನಿಗಿಟ್ಟರೆ ಫಲ ನಿರಾಶೆಯೇ: ಕವಚ ಗಟ್ಟಿಯಾಗಿ ಹಲ್ಲಿಗೆ ಸವಾಲಾಗುತ್ತದೆ. ಕರಿಯುವಾಗ ಎಣ್ಣೆಯೇ ಒದಗಿಸುವ ಜಿಡ್ಡನ್ನು ಇಲ್ಲಿ ಹಿಟ್ಟಿನೊಳಗೇ ಕೊಡಬೇಕು. 300 ಗ್ರಾಂ ಹಿಟ್ಟಿಗೆ ತುಪ್ಪವನ್ನು 45ರಿಂದ 75 ಗ್ರಾಂಗೆ ಏರಿಸಿ, ನೀರನ್ನು ಅಷ್ಟೇ ಇಳಿಸಬೇಕು. ಮಡಚಿದ ಮೇಲೆ ಸೂಜಿಯಿಂದ ಒಂದೆರಡು ಸಣ್ಣ ರಂಧ್ರ ಮಾಡಿ, ಮೇಲೆ ಹಾಲು ಸವರಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 20–25 ನಿಮಿಷ ಬೇಯಿಸಬೇಕು. ಹೊರಬಂದ ತಕ್ಷಣ ತುಪ್ಪ ಸವರಿದರೆ ಹೊಳಪು ಬರುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಹರಳುಪ್ಪು ಹರಡಿ ಕಾಯಿಸಿ, ಮೇಲೆ ತಟ್ಟೆಯಿಟ್ಟು ಮುಚ್ಚಿ ಬೇಯಿಸಬಹುದು. ಸಮಯ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಇದನ್ನು ಕರ್ಚಿಕಾಯಿಯೆಂದೇ ಕರೆಯಲೊಪ್ಪದ ಹಿರಿಯರಿದ್ದಾರೆ. ಬಿಸ್ಕತ್ತಿನ ಗುಣ ಬರುವುದು ನಿಜ. ಆದರೆ ಹಬ್ಬದ ದಿನ ಸುಮ್ಮನೆ ನೋಡುತ್ತ ಕುಳಿತುಕೊಳ್ಳುವುದಕ್ಕಿಂತ ಅದೇ ವಾಸಿಯೆಂದು ನಮ್ಮ ಅಭಿಪ್ರಾಯ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದರಿಂದ ಲಾಭವಿಲ್ಲ. ಒಳಗಿನ ಹೂರಣ ಅದೇ ತಾನೆ.

ಮಾತು ಮತ್ತು ಬುತ್ತಿ

ಕಣಕ, ಹೂರಣ, ಲಟ್ಟಣಿಗೆ, ಉತ್ತತ್ತಿ, ಹದ, ನಾದುವುದು: ಈ ಪದಗಳು ನಮ್ಮ ಸೀಮೆಯಲ್ಲಿ ಪಠ್ಯಪುಸ್ತಕದಿಂದ ಬಂದವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ತೆಲಂಗಾಣದಲ್ಲಿ 2018ರ ಕಾನೂನು ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದೆ; ಇಲ್ಲಿ ಬದುಕುವವರಿಗೆ ತೆಲುಗು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಕನ್ನಡ ಮಾಧ್ಯಮವಿರಲಿ, ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮವಿರಲಿ, ಅಡುಗೆಮನೆಯ ಕನ್ನಡವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಹಬ್ಬಕ್ಕೆ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಗರಿಜೆ ತಂದ ಮನೆಯಲ್ಲಿ ‘ಹೂರಣ’ವು ‘ಪೂರ್ಣಂ’ ಆಗುವುದಕ್ಕೆ ಒಂದು ತಲೆಮಾರೂ ಬೇಕಾಗದು. ಮಕ್ಕಳನ್ನು ಲಟ್ಟಿಸುವ ಮಣೆಯ ಮುಂದೆ ಕೂರಿಸಿಕೊಳ್ಳಬೇಕೆನ್ನುವುದು ಈ ಕಾರಣಕ್ಕಾಗಿ. ಅಂಚು ಒತ್ತುವ ಕೆಲಸ ಆರು ವರ್ಷದ ಮಗುವಿಗೂ ಸಾಧ್ಯ.

ಕರ್ಚಿಕಾಯಿಗೆ ಇನ್ನೊಂದು ಗುಣವಿದೆ: ಅದು ಪ್ರಯಾಣ ತಾಳುತ್ತದೆ. ಪಾಲಮೂರಿನ ಕೂಲಿಕಾರರು ದೇಶದ ಉದ್ದಗಲಕ್ಕೂ ಅಣೆಕಟ್ಟು, ಕಾಲುವೆಗಳ ಕೆಲಸಕ್ಕೆ ಹೋದವರು. ಇಂದಿಗೂ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಇಲ್ಲಿನ ಮನೆಗಳಿಂದ ಬುತ್ತಿ ಹೋಗುತ್ತದೆ. ಪೂರ್ತಿ ಆರಿದ ಮೇಲೆ, ಅಂದರೆ ಕರಿದು ಕನಿಷ್ಠ ಮೂರು ಗಂಟೆಯ ಬಳಿಕ, ತಳಕ್ಕೆ ಕಾಗದ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಅಡ್ಡಡ್ಡವಾಗಿ ಜೋಡಿಸಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ನೀರು ಕಟ್ಟಿ ಎಲ್ಲ ಶ್ರಮವೂ ವ್ಯರ್ಥ. ಒಣಗಿದ ಚಮಚವನ್ನಷ್ಟೇ ಬಳಸಿ ತೆಗೆದಿಟ್ಟ ಮಿಕ್ಕ ಹೂರಣವೂ ಗಾಜಿನ ಸೀಸೆಯಲ್ಲಿ ವಾರವಿರುತ್ತದೆ. ಬಿಸಿ ಚಪಾತಿಯೊಳಗೆ ಸುತ್ತಿ ಕೊಟ್ಟರೆ ಮಕ್ಕಳು ಬೇಡವೆನ್ನುವುದಿಲ್ಲ.

ವಿದೇಶಕ್ಕೆ ಕಳುಹಿಸುವವರು ಮಾತ್ರ ಒಂದು ವಿಷಯವನ್ನು ಮರೆಯಬಾರದು. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ ವಸ್ತು. ಸಿಂಗಪುರದಲ್ಲಿಯೂ ಕಠಿಣ ನಿರ್ಬಂಧವಿದೆ. ನಮ್ಮ ಮನೆಯ ಸಾಂಬಾರ ಡಬ್ಬಿಯಲ್ಲಿರುವ ಈ ಕಾಳು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮಾದಕವಸ್ತುವಿನ ಪ್ರಕರಣವಾಗಬಲ್ಲದು. ಕೊಲ್ಲಿ ರಾಷ್ಟ್ರಗಳಿಗೆ ಹೊರಟವರ ಡಬ್ಬಿಗೆ ಗಸಗಸೆಯನ್ನು ಪೂರ್ತಿಯಾಗಿ ಬಿಟ್ಟು, ಆ ಎರಡು ಚಮಚದ ಜಾಗದಲ್ಲಿ ಎಳ್ಳನ್ನೇ ಹೆಚ್ಚಿಸಬೇಕು. ಹೂರಣ ಹುರಿಯುವ ಬಾಣಲೆಯನ್ನೂ ಮೊದಲು ತೊಳೆದುಕೊಳ್ಳುವುದು ಒಳ್ಳೆಯದು.