ಮುಂದಿನ ಶಾಫ್ಟ್ ಬಿಚ್ಚಿದರೆ ಫೋರ್ ವೀಲ್ ಗಾಡಿ ಹಿಂದಿನ ಚಕ್ರದ ಗಾಡಿ ಆಗುತ್ತದೆಯೇ?

“ಫೋರ್ ವೀಲ್ ಗಾಡಿಗೆ ಬೇರೆ ಎಂಜಿನ್ ಕೂರಿಸುತ್ತಿದ್ದೀರಾ? ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಬಿಡಿ. ಹಿಂದಿನ ಚಕ್ರದ ಮೇಲೆ ಓಡುತ್ತದೆ, ಡೀಸೆಲ್ ಉಳಿಯುತ್ತದೆ.” ಇಂಥ ಸಲಹೆ ಗ್ಯಾರೇಜಿನಲ್ಲೂ ಮೊಬೈಲಿನಲ್ಲೂ ಸಿಗುತ್ತದೆ. ಇದು ನಿಜವೇ?

ಅರ್ಧ ನಿಜ. ಕೆಲವು ಗಾಡಿಗಳಲ್ಲಿ ಹೀಗೆ ಮಾಡಿದರೂ ಓಡುತ್ತದೆ, ಆದರೆ ಅವುಗಳಿಗೆ ಈ ಕೆಲಸದ ಅಗತ್ಯವೇ ಇಲ್ಲ. ಇನ್ನು ಕೆಲವು ನಿಂತ ಜಾಗದಿಂದ ಕದಲುವುದೇ ಇಲ್ಲ.

ಟ್ರ್ಯಾಕ್ಟರ್ ಹೇಳುವ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎರೆ ಹೊಲದಲ್ಲಿ ಮಳೆಯಾದ ಮೇಲೆ ಟ್ರ್ಯಾಕ್ಟರ್ ಇಳಿಸಿದವರಿಗೆ ಇದು ಹೊಸದಲ್ಲ. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತಿದಾಗ ಎರಡೂ ಒಟ್ಟಿಗೆ ತಿರುಗಿ ಟ್ರ್ಯಾಕ್ಟರ್ ಹೊರಬರುತ್ತದೆ. ಯಾವ ಕಡೆ ತಡೆ ಕಡಿಮೆಯೋ ಆ ಕಡೆ ತಿರುಗುವುದು ಡಿಫರೆನ್ಷಿಯಲ್ಲಿನ ಸ್ವಭಾವ.

ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆಯೂ ಇಂಥದೇ ಒಂದು ಡಿಫರೆನ್ಷಿಯಲ್ ಇರುತ್ತದೆ. ಮುಂದಿನ ಶಾಫ್ಟ್ ಬಿಚ್ಚಿದರೆ ಆ ಕಡೆ ತಡೆಯೇ ಇರುವುದಿಲ್ಲ. ಎಂಜಿನ್ ಎಷ್ಟೇ ಕೂಗಿದರೂ ಅದೇ ಬದಿ ಸುಮ್ಮನೆ ತಿರುಗುತ್ತದೆ.

ನಿಮ್ಮ ಗಾಡಿ ಯಾವ ಬಗೆಯದು?

1. ಬೇಕಾದಾಗ ಮಾತ್ರ ಫೋರ್ ವೀಲ್: ಮಾರುತಿ ಜಿಪ್ಸಿ, ಮಹೀಂದ್ರ ಥಾರ್ ಈ ಬಗೆಯವು. ಇವುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ. ಲಿವರ್ ‘2ಎಚ್’ನಲ್ಲಿದ್ದಾಗ ಗಾಡಿ ಹಿಂದಿನ ಚಕ್ರದ ಮೇಲೆಯೇ ಓಡುತ್ತಿರುತ್ತದೆ. ಶಾಫ್ಟ್ ಬಿಚ್ಚಿದರೆ ಹೆಚ್ಚಿನ ಲಾಭವಿಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಮಾತ್ರ ನಷ್ಟ ಗೊತ್ತಾಗುತ್ತದೆ.

2. ಸದಾ ಫೋರ್ ವೀಲ್: ಸುಬಾರು ಗೇರ್‌ಬಾಕ್ಸ್ ಇದಕ್ಕೆ ಉದಾಹರಣೆ. ಕೆಲವು ಮಾದರಿಗಳಲ್ಲಿ ನಡುವಿನ ಡಿಫರೆನ್ಷಿಯಲ್ ಜೊತೆ ವಿಸ್ಕಸ್ ಕಪ್ಲಿಂಗ್ ಇರುವುದರಿಂದ, ಶಾಫ್ಟ್ ಬಿಚ್ಚಿದರೂ ಗಾಡಿ ಸ್ವಲ್ಪ ಕದಲುತ್ತದೆ. “ನೋಡಿ, ಓಡಿತು” ಎಂದು ಮೋಸಹೋಗುವುದು ಇಲ್ಲೇ. ಕಪ್ಲಿಂಗ್ ಕಾದು ಬೇಗ ಹಾಳಾಗುತ್ತದೆ.

3. ಮುಂದಿನ ಚಕ್ರವೇ ಮೂಲವಾದ ಫೋರ್ ವೀಲ್: ರೆನೋ ಡಸ್ಟರ್‌ನ ಎಡಬ್ಲ್ಯುಡಿ ಮಾದರಿ ಹೀಗಿತ್ತು. ಇದರಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಒಂದು ಶಾಫ್ಟ್ ಬಿಚ್ಚಿ ಇದನ್ನು ಹಿಂದಿನ ಚಕ್ರದ ಗಾಡಿ ಮಾಡಲಾಗದು.

ಹಾಗಾದರೆ ಸರಿಯಾದ ಕ್ರಮ ಏನು?

ಸುಬಾರು ಗೇರ್‌ಬಾಕ್ಸನ್ನು ಹೀಗೆ ಬದಲಿಸುವವರು ಮೊದಲು ಅದನ್ನು ಪೂರ್ತಿ ಬಿಚ್ಚುತ್ತಾರೆ. ನಡುವಿನ ಡಿಫರೆನ್ಷಿಯಲ್ ಅನ್ನು ವೆಲ್ಡ್ ಮಾಡುತ್ತಾರೆ, ಇಲ್ಲವೇ ಅದರ ಜಾಗದಲ್ಲಿ ಗಟ್ಟಿ ತುಂಡು ಕೂರಿಸುತ್ತಾರೆ. ಆಗ ಶಕ್ತಿ ಹಿಂದಕ್ಕೆ ಹೋಗಲೇಬೇಕು. ನಂತರ ಗೇರ್‌ಬಾಕ್ಸ್ ಒಳಗೇ ಇರುವ ಮುಂದಿನ ಕ್ರೌನ್ ವೀಲ್ ತೆಗೆದು, ಆಕ್ಸಲ್ ಹೊರಬರುವ ತೂತುಗಳನ್ನು ಆಯಿಲ್ ಸೋರದಂತೆ ಮುಚ್ಚುತ್ತಾರೆ. ಲಾಕ್ ಮಾಡಿ ಮುಂದಿನ ಚಕ್ರಗಳನ್ನೂ ಜೋಡಿಸಿಯೇ ಬಿಟ್ಟರೆ, ಒಣ ಡಾಂಬರು ರಸ್ತೆಯ ತಿರುವಿನಲ್ಲಿ ಗೇರ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಜೀವಕ್ಕೆ ಸಂಬಂಧಿಸಿದ ವಿಷಯವೂ ಒಂದಿದೆ. ಅನೇಕ ಗಾಡಿಗಳಲ್ಲಿ ಮುಂದಿನ ಚಕ್ರದ ಬೇರಿಂಗನ್ನು ಬಿಗಿಹಿಡಿದಿರುವುದೇ ಆಕ್ಸಲ್‌ನ ಹೊರತುದಿ. ಆಕ್ಸಲ್ ಪೂರ್ತಿ ಕಿತ್ತು ಓಡಿಸಿದರೆ ಬೇರಿಂಗ್ ಸಡಿಲವಾಗಿ ಚಕ್ರವೇ ಕಳಚಬಹುದು. ಹೊರ ಜಾಯಿಂಟಿನ ತುದಿಯನ್ನು ಹಬ್‌ನಲ್ಲೇ ಉಳಿಸಿ ನಟ್ ಬಿಗಿಯಬೇಕು.

ಹಿಂದಿನ ಭಾಗ ತಡೆದೀತೇ?

ಒಂದು ಲೆಕ್ಕ ನೋಡೋಣ. ಎಂಜಿನ್ ಟಾರ್ಕ್ 200 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.5 ಎಂದುಕೊಳ್ಳಿ. ಗೇರ್‌ಬಾಕ್ಸ್‌ನಿಂದ ಬರುವುದು 700. ಸಮನಾಗಿ ಹಂಚಿದರೆ ಹಿಂದಕ್ಕೆ 350. ಮುಂದಿನದನ್ನು ತೆಗೆದರೆ ಹಿಂದಿನ ಶಾಫ್ಟ್ ಪೂರ್ತಿ 700 ಹೊರಬೇಕು. ಅದರ ಮೇಲೆ 300 ಟಾರ್ಕ್‌ನ ಹೊಸ ಎಂಜಿನ್ ಕೂರಿಸಿದರೆ 1,050, ಅಂದರೆ ಮೊದಲಿನ 3 ಪಟ್ಟು. ಕ್ರೌನ್ ಪಿನಿಯನ್ ಮುರಿಯುವುದು ಇಂಥ ಹೊರೆಗೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ನಿಯಮ ಮೀರಿದರೆ 182ಎ ಕಲಂ ಅಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಎಂಜಿನ್ ನಂಬರ್ ಆರ್‌ಸಿಯಲ್ಲೇ ಇರುವುದರಿಂದ ಎಂಜಿನ್ ಬದಲಿಸಿದ್ದು ಮುಚ್ಚಿಡುವ ವಿಷಯವಲ್ಲ. ತಿಳಿಸದೆ ಮಾಡಿದ ಬದಲಾವಣೆ ಕಾರಣಕ್ಕೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ಎತ್ತಬಹುದು.

ಕೊನೆಯ ಮಾತು

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಗಾಡಿಯಲ್ಲಿ ನಡುವಿನ ಡಿಫರೆನ್ಷಿಯಲ್ ಇದೆಯೇ? ವಿಜಯಪುರದ ಆರ್‌ಟಿಒ ಕಚೇರಿ ಲಿಖಿತ ಒಪ್ಪಿಗೆ ಕೊಡುತ್ತದೆಯೇ? ಮೊದಲನೆಯದಕ್ಕೆ ಉತ್ತರ ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ. ಎರಡನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಮುಂದುವರಿಯಬೇಡಿ. ಆ ಸಲಹೆ ನಿಮ್ಮ ಗ್ರೂಪಿಗೂ ಬಂದರೆ, ಅದರ ಕೆಳಗೆ ಈ ಎರಡು ಪ್ರಶ್ನೆಗಳನ್ನು ಹಾಕಿ.